ಹಳೇ ಕಂಪ್ಯೂಟರಿಗೆ ನಾಲ್ಕು ಕಿಂಡಿ

ನಮ್ಮ ತಂಬ್ರಹಳ್ಳಿಯ ಹಳೇ ಮಾಳಿಗೆ ಮನೆಗಳನ್ನು ಕಟ್ಟಿದವರು ಬಿಸಿಲಿಗೆ ಹೆದರಿ ಕಟ್ಟಿದರು. ಕಲ್ಲು-ಮಣ್ಣಿನ ಗೋಡೆ, ಎರಡೆರಡು ಅಡಿ ದಪ್ಪ. ಏಪ್ರಿಲ್‌ನಲ್ಲಿ ಹೊರಗೆ ಕಾಲಿಟ್ಟರೆ ಸುಡುತ್ತದೆ, ಒಳಕೋಣೆಯಲ್ಲಿ ಚಾಪೆ ಹಾಸಿ ಹಾಯಾಗಿ ಮಲಗಬಹುದು. ಪುಣ್ಯಾತ್ಮರು. ಆದರೆ ಅವರಿಗೆ ವೈಫೈ ಗೊತ್ತಿರಲಿಲ್ಲ. ಪಡಸಾಲೆಯಲ್ಲಿಟ್ಟ ಡಬ್ಬಿಯಿಂದ ಹೊರಟ ರೇಡಿಯೋ ಅಲೆ ಇಂಥ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗಿಹೋಗುತ್ತದೆ. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಈಗ ಅದರ ಹೆಸರು ಭಾರತ್‌ನೆಟ್. ಹೀಗೆ ದೂರದೂರಿನಿಂದ ಹಳ್ಳಿಯವರೆಗೆ ಬಂದ ಇಂಟರ್ನೆಟ್ಟು ಪಡಸಾಲೆಯಿಂದ ಒಳಕೋಣೆಗೆ ಹೋಗಲಾರೆ ಎಂದು ಕೂತುಬಿಡುತ್ತದೆ!

ನಮ್ಮ ಓಣಿಯ ಒಂದು ಮನೆಯ ಪಾಡೂ ಇದೇ. ಅಲ್ಲಿನ ಅಜ್ಜಿಗೆ ಪುಣೆಯಲ್ಲಿರುವ ಮಗಳ ಜೊತೆ ವಿಡಿಯೊದಲ್ಲಿ ಮಾತಾಡಬೇಕು. ಒಳಗೆ ಕೂತರೆ ಮಗಳ ಮುಖ ಅರ್ಧ ಬಾಯಿ ತೆರೆದಲ್ಲೇ ನಿಂತುಹೋಗುತ್ತದೆ. ಹಾಗಾಗಿ ಅಜ್ಜಿ ಹೊರಗಿನ ಕಟ್ಟೆಗೆ ಬಂದು ಕೂರುತ್ತಿದ್ದರು. ಕಿವಿ ಸ್ವಲ್ಪ ಮಂದ, ಫೋನಿನ ದನಿ ಪೂರ್ತಿ ಏರಿಸಬೇಕು. ಮಗಳ ಸಂಸಾರದ ಸುದ್ದಿಯೆಲ್ಲ ಓಣಿಗೆ ಕೇಳುತ್ತಿತ್ತು. ಅದು ಗೊತ್ತಾದ ಮೇಲೆ ಮಗಳು ಹೇಳಬೇಕಾದ್ದನ್ನು ಹೇಳುವುದನ್ನೇ ಬಿಟ್ಟಳು. “ಚೆನ್ನಾಗಿದೀನಿ ಅಂತ ಒಂದೇ ಮಾತು ಹೇಳಿ ಇಟ್ಟುಬಿಡ್ತಾಳೆ” ಎಂದು ಅಜ್ಜಿಯ ಕೊರಗು.

ಆ ಮನೆಯ ಹುಡುಗ ಎಂಟನೇ ತರಗತಿ. ಅವನ ಸೋದರಮಾವ ಬೆಂಗಳೂರಿನಿಂದ ಬರುವಾಗ ಯಾವುದೋ ಆಫೀಸಿನಲ್ಲಿ ತೆಗೆದುಹಾಕಿದ ಹಳೇ ಕಂಪ್ಯೂಟರನ್ನೂ, ಎಸ್.ಪಿ. ರಸ್ತೆಯಲ್ಲಿ 1,800 ರೂಪಾಯಿಗೆ ಕೊಂಡ ಒಂದು ಹಸಿರು ಹಲಗೆಯನ್ನೂ ತಂದುಕೊಟ್ಟ. ಹಲಗೆಯ ಅಂಚಿನಲ್ಲಿ ಸಾಲಾಗಿ ನಾಲ್ಕು ಕಿಂಡಿ. “ತಾತಾ, ಇದನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಮನೆಗೆಲ್ಲ ಪುಗಸಟ್ಟೆ ನೆಟ್‌ವರ್ಕ್ ಆಗ್ತದಂತೆ, ಹೌದಾ?” ಎಂದು ಅವನ ಪ್ರಶ್ನೆ. ನೆಟ್‌ವರ್ಕ್ ಆಗುವುದು ನಿಜ. ಪುಗಸಟ್ಟೆ ಎಂಬುದನ್ನು ಮಾತ್ರ ಲೆಕ್ಕ ಹಾಕಿ ನೋಡಬೇಕು. ಬ್ಯಾಂಕಿನಲ್ಲಿ ಕೂಡಿ ಕಳೆದು ಕೂದಲು ಉದುರಿಸಿಕೊಂಡವನು ನಾನು, ಲೆಕ್ಕ ಹಾಕದೆ ಬಿಡುತ್ತೇನೆಯೇ?

ಮೊದಲು ಆ ಹಲಗೆ ಏನು ಅಂತ ನೋಡೋಣ. ಕಂಪ್ಯೂಟರು ತಂತಿಯ ಮೂಲಕ ಇನ್ನೊಂದರ ಜೊತೆ ಮಾತಾಡಲು ಬೇಕಾದ ಅಂಗಕ್ಕೆ ನೆಟ್‌ವರ್ಕ್ ಕಾರ್ಡ್ ಎನ್ನುತ್ತಾರೆ. ಸಾಮಾನ್ಯ ಕಂಪ್ಯೂಟರಿಗೆ ಒಂದೇ ಕಿಂಡಿ ಸಾಕು. ದೊಡ್ಡ ಕಂಪನಿಗಳ ಸರ್ವರ್‌ಗಳಿಗೆ ಏಕಕಾಲಕ್ಕೆ ಹಲವು ದಾರಿ ಬೇಕು. ಅವುಗಳಿಗಾಗಿ ಒಂದೇ ಕಾರ್ಡಿನಲ್ಲಿ ಎರಡು, ನಾಲ್ಕು ಕಿಂಡಿ ಇಟ್ಟು ಮಾಡುತ್ತಾರೆ. ಕಂಪನಿಗಳು ಹಳೇ ಸರ್ವರ್ ತೆಗೆದು ಹೊಸದು ಹಾಕಿದಾಗ ಈ ಕಾರ್ಡುಗಳು ಎಸ್.ಪಿ. ರಸ್ತೆಯಂಥ ಕಡೆ ಅಗ್ಗಕ್ಕೆ ಬಂದು ಬೀಳುತ್ತವೆ. ಕೊಳ್ಳುವವರು ಎರಡು ಸಂಗತಿ ನೋಡಬೇಕು. ಕಾರ್ಡಿನ ಕೆಳಗೆ ಚಿನ್ನದ ಬಣ್ಣದ ಹಲ್ಲುಗಳ ಸಾಲು ಇರುತ್ತದಲ್ಲ, ಅಷ್ಟು ಉದ್ದದ ಸೀಳು ನಮ್ಮ ಕಂಪ್ಯೂಟರಿನೊಳಗೆ ಇದೆಯೇ? ಗಿಡ್ಡ ಸೀಳಿಗೆ ಉದ್ದ ಕಾರ್ಡು ಕೂರುವುದಿಲ್ಲ, ಉದ್ದ ಸೀಳಿಗೆ ಗಿಡ್ಡ ಕಾರ್ಡು ಕೂರುತ್ತದೆ. ಇನ್ನೊಂದು, ಕಾರ್ಡಿನ ಬೆನ್ನಿಗಿರುವ ತಗಡು. ತೆಳು ಕಂಪ್ಯೂಟರಿಗೆ ಗಿಡ್ಡ ತಗಡು, ದಪ್ಪ ಕಂಪ್ಯೂಟರಿಗೆ ಉದ್ದ ತಗಡು. ತಗಡು ಹೊಂದದೆ ಕಾರ್ಡು ಒಳಗೆ ನೇತಾಡಿದರೆ ಕೇಬಲ್ ಎಳೆದಾಗಲೆಲ್ಲ ಅಲುಗಾಡುತ್ತದೆ.

ಕಾರ್ಡು ಸಿಕ್ಕಿಸಿ ನಾಲ್ಕು ಕಿಂಡಿಗೆ ನಾಲ್ಕು ಕೇಬಲ್ ಹಾಕಿದ ಮಾತ್ರಕ್ಕೆ ನಾಲ್ಕು ಯಂತ್ರಗಳು ತಮ್ಮ ತಮ್ಮಲ್ಲಿ ಮಾತಾಡುತ್ತವೆಯೇ? ಇಲ್ಲ. ಬಹಳ ಜನ ಎಡವುವುದು ಇಲ್ಲೇ. ಬ್ಯಾಂಕಿನಲ್ಲಿ ನಾಲ್ಕು ಕೌಂಟರ್ ಇದ್ದು, ನಾಲ್ಕು ಗುಮಾಸ್ತರು ತಮ್ಮ ತಮ್ಮ ಲೆಡ್ಜರು ಹಿಡಿದು ಕೂತಿದ್ದಾರೆ ಎಂದುಕೊಳ್ಳಿ. ಮೊದಲ ಕೌಂಟರಿಗೆ ಕೊಟ್ಟ ಚೀಟಿ ನಾಲ್ಕನೆಯದಕ್ಕೆ ತಾನಾಗಿ ಹೋಗುತ್ತದೆಯೇ? ಒಳಗಿನಿಂದ ಯಾರಾದರೂ ಒಯ್ದುಕೊಡಬೇಕು. ಕಂಪ್ಯೂಟರಿನಲ್ಲಿ ಆ ಕೆಲಸಕ್ಕೆ ಬ್ರಿಡ್ಜ್, ಅಂದರೆ ಸೇತುವೆ ಎಂದು ಹೆಸರು. ವಿಂಡೋಸ್‌ನಲ್ಲಿ ನೆಟ್‌ವರ್ಕ್ ಸಂಪರ್ಕಗಳ ಪುಟ ತೆರೆದು ನಾಲ್ಕನ್ನೂ ಒಟ್ಟಿಗೆ ಆರಿಸಿ, ಮೌಸಿನ ಬಲಗುಂಡಿ ಒತ್ತಿದರೆ ಬ್ರಿಡ್ಜ್ ಮಾಡುವ ಆಯ್ಕೆ ಬರುತ್ತದೆ. ಲಿನಕ್ಸ್‌ನಲ್ಲೂ ಉಂಟು. ಅಲ್ಲಿಂದ ಮುಂದೆ ಕಂಪ್ಯೂಟರು ಒಂದು ಕಿಂಡಿಯಿಂದ ಬಂದ ಚೀಟಿಯನ್ನು ಸರಿಯಾದ ಇನ್ನೊಂದು ಕಿಂಡಿಗೆ ದಾಟಿಸುತ್ತದೆ. ಆದರೆ ಕಂಪ್ಯೂಟರು ಎದ್ದಿರುವಷ್ಟು ಹೊತ್ತು ಮಾತ್ರ!

ಇದೇ ಚೀಟಿ ದಾಟಿಸುವ ಕೆಲಸಕ್ಕೆಂದೇ ಹುಟ್ಟಿದ ಪುಟ್ಟ ಡಬ್ಬಿ ಇನ್ನೊಂದಿದೆ, ಸ್ವಿಚ್ ಅಂತ. ಗೋಡೆಯ ದೀಪದ ಸ್ವಿಚ್ ಅಲ್ಲ ಮಕ್ಕಳೇ. ಇದರ ಕಥೆ ಸೊಗಸಾಗಿದೆ, ಸ್ವಲ್ಪ ಹಿಂದಕ್ಕೆ ಹೋಗೋಣ.

1973ರ ಮೇ 22ರಂದು ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಎಂಬುವರು ಒಂದು ಟಿಪ್ಪಣಿ ಬರೆದರು. ನಕಲು ತೆಗೆಸುವುದಕ್ಕೇ ನಾವು ಜೆರಾಕ್ಸ್ ಅನ್ನುತ್ತೇವಲ್ಲ, ಅದೇ ಕಂಪನಿ. ಕೇಂದ್ರದಲ್ಲಿದ್ದ ಹಲವು ಕಂಪ್ಯೂಟರುಗಳು ಒಂದರೊಡನೊಂದು ಮಾತಾಡಬೇಕು, ಒಂದೇ ಪ್ರಿಂಟರನ್ನು ಹಂಚಿಕೊಳ್ಳಬೇಕು, ಹೇಗೆ ಎಂಬುದು ವಿಷಯ. ಬೆಳಕು ಹರಿಯಲು ಈಥರ್ ಎಂಬ ಕಾಣದ ವಸ್ತು ಜಗತ್ತನ್ನೆಲ್ಲ ತುಂಬಿದೆ ಎಂದು ಹಿಂದಿನ ವಿಜ್ಞಾನಿಗಳು ನಂಬಿದ್ದರು. ಅದನ್ನು ನೆನೆದು ಮೆಟ್‌ಕಾಫ್ ತಮ್ಮ ವ್ಯವಸ್ಥೆಗೆ ಈಥರ್‌ನೆಟ್ ಎಂದು ಹೆಸರಿಟ್ಟರು. ಡೇವಿಡ್ ಬಾಗ್ಸ್ ಎಂಬುವರ ಜೊತೆ ಸೇರಿ ಅದನ್ನು ಕಟ್ಟಿದರು. ನಿಮ್ಮ ಮನೆಯ ಡಬ್ಬಿಯ ಹಿಂದಿರುವ ಚೌಕ ಕಿಂಡಿಗಳು ಇವತ್ತಿಗೂ ಈಥರ್‌ನೆಟ್ ಕಿಂಡಿಗಳೇ.

ಆಗಿನ ಈಥರ್‌ನೆಟ್‌ನಲ್ಲಿ ಎಲ್ಲರಿಗೂ ಒಂದೇ ತಂತಿ. ಮೇಷ್ಟ್ರಿಲ್ಲದ ತರಗತಿಯ ಹಾಗೆ, ಇಬ್ಬರು ಒಟ್ಟಿಗೆ ಬಾಯಿ ತೆಗೆದರೆ ಇಬ್ಬರದ್ದೂ ತಿಳಿಯದು. ಇಬ್ಬರೂ ಸುಮ್ಮನಾಗಿ, ಮನಸ್ಸಿಗೆ ಬಂದಷ್ಟು ಹೊತ್ತು ಕಾದು ಮತ್ತೆ ಶುರುಮಾಡಬೇಕು. ಯಂತ್ರಗಳು ಹೆಚ್ಚಿದಂತೆ ಗದ್ದಲವೂ ಹೆಚ್ಚಿತು. ಆಗ ಅಮೆರಿಕದಲ್ಲಿದ್ದ ಭಾರತೀಯ ಮೂಲದ ವಿನೋದ್ ಭಾರದ್ವಾಜ್ ಎಂಬುವರು ಇನ್ನೊಬ್ಬರ ಜೊತೆ ಸೇರಿ ಒಂದು ಕಂಪನಿ ಕಟ್ಟಿ, ತಮ್ಮ ಹೆಂಡತಿಯ ಹೆಸರನ್ನೇ ಅದಕ್ಕಿಟ್ಟರು. ಕಲ್ಪನಾ! ನನ್ನ ವಯಸ್ಸಿನವರಿಗೆ ಆ ಹೆಸರು ಕೇಳಿದರೆ ಮಿನುಗುತಾರೆ ಕಲ್ಪನಾ ನೆನಪಾಗುತ್ತಾರೆ, ಇವರು ಬೇರೆ. 1990ರ ಹೊತ್ತಿಗೆ ಆ ಕಂಪನಿ ಏಳು ಕಿಂಡಿಯ ಈಥರ್‌ನೆಟ್ ಸ್ವಿಚ್ ಮಾಡಿ ಮಾರಿತು. ಒಂದೇ ತಂತಿಯ ಗದ್ದಲ ಹೋಗಿ ಒಬ್ಬೊಬ್ಬರಿಗೂ ತಮ್ಮದೇ ದಾರಿಯಾಯಿತು. 1994ರಲ್ಲಿ ಸಿಸ್ಕೊ ಎಂಬ ದೊಡ್ಡ ಕಂಪನಿ ಕಲ್ಪನಾವನ್ನು ಕೊಂಡುಕೊಂಡಿತು.

ಸ್ವಿಚ್ಚಿನ ಬುದ್ಧಿಯೇನು? ಹಿಂದೆ ಹಬ್ ಎಂಬ ಡಬ್ಬಿ ಇತ್ತು. ಅದು ಡಂಗುರದವನ ಹಾಗೆ, ಒಬ್ಬರಿಗೆ ಬಂದ ಸುದ್ದಿಯನ್ನು ಊರಿಗೆಲ್ಲ ಸಾರುತ್ತಿತ್ತು. ಸ್ವಿಚ್ಚು ಅಂಚೆಯವನ ಹಾಗೆ. ಪ್ರತಿ ನೆಟ್‌ವರ್ಕ್ ಕಿಂಡಿಗೂ ಕಾರ್ಖಾನೆಯಲ್ಲೇ 12 ಅಕ್ಷರ-ಅಂಕಿಗಳ ಒಂದು ಗುರುತು ಕೊಟ್ಟಿರುತ್ತಾರೆ, ಮ್ಯಾಕ್ ವಿಳಾಸ ಅಂತ. ಚೀಟಿ ಬಂದಾಗ ಕಳಿಸಿದವರ ಗುರುತು ನೋಡಿ, ‘ಇವರು ಮೂರನೇ ಕಿಂಡಿಯ ಕಡೆಯವರು’ ಎಂದು ಸ್ವಿಚ್ಚು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ. ಇನ್ನೊಮ್ಮೆ ಅವರಿಗೆ ಚೀಟಿ ಬಂದರೆ ನೇರ ಮೂರನೇ ಕಿಂಡಿಗೇ ಹಾಕುತ್ತದೆ. ಗೊತ್ತಿಲ್ಲದ ಹೆಸರು ಬಂದರೆ ಮಾತ್ರ ಎಲ್ಲರನ್ನೂ ಕೇಳುತ್ತದೆ. ಯಾರಾದರೂ ಸುಮಾರು ಐದು ನಿಮಿಷ ಸದ್ದಿಲ್ಲದೆ ಇದ್ದರೆ ಸಾಮಾನ್ಯವಾಗಿ ಅವರ ಹೆಸರು ಹೊಡೆದುಹಾಕುತ್ತದೆ. ನಮ್ಮ ಬ್ಯಾಂಕಿನಲ್ಲಿ ವ್ಯವಹಾರವಿಲ್ಲದ ಖಾತೆ ಮುಚ್ಚಲು ವರ್ಷಗಟ್ಟಲೆ ಕಾಯುತ್ತಿದ್ದೆವು!

ಈಗ ಲೆಕ್ಕಕ್ಕೆ ಬನ್ನಿ. ಪೆನ್ಸಿಲ್ ಹಿಡಿಯಿರಿ. ಹಳೇ ಕಂಪ್ಯೂಟರು ಏನೂ ಮಾಡದೆ ಸುಮ್ಮನೆ ಕೂತರೂ 60 ವಾಟ್ ಕುಡಿಯುತ್ತದೆ ಎಂದು ಹಿಡಿಯೋಣ. ಮನೆಗೆಲ್ಲ ಅದೇ ಸೇತುವೆಯಾದರೆ ದಿನದ 24 ಗಂಟೆಯೂ ಎದ್ದಿರಬೇಕು. 60ನ್ನು 24ರಿಂದ ಗುಣಿಸಿದರೆ 1,440. ಸಾವಿರ ವಾಟ್-ಗಂಟೆಗೆ ಒಂದು ಯೂನಿಟ್, ಅಂದರೆ ದಿನಕ್ಕೆ 1.44 ಯೂನಿಟ್. ತಿಂಗಳಿಗೆ 43. ಐದು ಕಿಂಡಿಯ ಪುಟ್ಟ ಸ್ವಿಚ್ಚು ಮೂರು ವಾಟ್ ಕುಡಿದರೆ ತಿಂಗಳಿಗೆ ಎರಡು ಯೂನಿಟ್ ಚಿಲ್ಲರೆ.

“ಕರೆಂಟು ಪುಕ್ಕಟೆ ಅಲ್ವಾ ತಾತಾ, ಗೃಹಜ್ಯೋತಿ!” ಎಂದ ಹುಡುಗ. ಇಲ್ಲಿ ಹಿರಿಯರೂ ಕಿವಿಗೊಡಿ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಎಂಬುದು ಮೇಲಿನ ಗಡಿ. ನಿಮ್ಮ ಮನೆಯ ಪಾಲು ಎಷ್ಟೆಂಬುದು ನೀವು ಹಿಂದೆ ಬಳಸುತ್ತಿದ್ದ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಗೊತ್ತುಮಾಡಿದ್ದು. ಆ ಪಾಲು ದಾಟಿದರೆ ದಾಟಿದಷ್ಟಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಆ ಮನೆಯ ಜೆಸ್ಕಾಂ ಬಿಲ್ಲು ತರಿಸಿ ನೋಡಿದೆ. ಅವರ ಪಾಲೆಲ್ಲ ಫ್ಯಾನು, ಮಿಕ್ಸಿ, ಟೀವಿಗೇ ಸರಿಹೋಗುತ್ತಿತ್ತು. ಹೊಸ 43 ಯೂನಿಟ್ ಬಂದರೆ ಹೆಚ್ಚುಕಡಿಮೆ ಎಲ್ಲವೂ ಜೇಬಿನಿಂದಲೇ. ಯೂನಿಟ್ಟಿಗೆ ಆರು ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 258, ವರ್ಷಕ್ಕೆ ಮೂರು ಸಾವಿರದ ಮೇಲೆ. ಪುಗಸಟ್ಟೆ ಸೇತುವೆಯ ಸುಂಕ ಇದು. ಹೊಸ ಸ್ವಿಚ್ಚು ಸಾವಿರದ ಆಸುಪಾಸಿಗೆ ಸಿಗುತ್ತದೆ, ಮತ್ತೆ ಕಾಸು ಕೇಳುವುದಿಲ್ಲ.

ಹಾಗೆಂದು ಸ್ವಿಚ್ಚು ತರಲು ಹಗರಿಬೊಮ್ಮನಹಳ್ಳಿಗೆ ಓಡಬೇಡಿ. ಮೊದಲು ಫೈಬರ್ ಕಂಪನಿಯವರು ಗೋಡೆಗೆ ಹೊಡೆದುಹೋದ ಡಬ್ಬಿಯ ಬೆನ್ನು ನೋಡಿ. ಆ ಮನೆಯ ಡಬ್ಬಿಯ ಹಿಂದೆ ನಾಲ್ಕು ಈಥರ್‌ನೆಟ್ ಕಿಂಡಿಗಳಿದ್ದವು, ನಾಲ್ಕೂ ಖಾಲಿ! ಒಳಗೆ ಪುಟ್ಟ ಸ್ವಿಚ್ಚೇ ಇದೆ. ಕಾಸು ಕೊಟ್ಟು ಬೆಂಗಳೂರಿನಿಂದ ತಂದ ನಾಲ್ಕು ಕಿಂಡಿ ಪೆಟ್ಟಿಗೆಯಲ್ಲಿ, ಪುಕ್ಕಟೆ ಬಂದ ನಾಲ್ಕು ಕಿಂಡಿ ಧೂಳಿನಲ್ಲಿ. ಕೆಲವು ಡಬ್ಬಿಗಳಲ್ಲಿ ಒಂದೋ ಎರಡೋ ಮಾತ್ರ ಇರುತ್ತವೆ. ಸಾಲದೆ ಬಂದರೆ ಆಗ ಸ್ವಿಚ್ಚು ತಂದರಾಯಿತು.

ಆ ಮನೆಯ ಅಟ್ಟದ ಮೇಲೆ ಹಿಂದಿನ ಸಂಪರ್ಕದ ಹಳೇ ವೈಫೈ ರೌಟರೂ ಒಂದಿತ್ತು. ಕೆಲಸ ಸುಲಭವಾಯಿತು. ಪಡಸಾಲೆಯ ಡಬ್ಬಿಯಿಂದ ಅಜ್ಜಿಯ ಕೋಣೆಯವರೆಗೆ ಒಂದು ಕೇಬಲ್, ಆ ತುದಿಯಲ್ಲಿ ಹಳೇ ರೌಟರು. ಗೋಡೆಯ ಕೆಲಸವನ್ನು ತಂತಿ ಮಾಡುತ್ತದೆ, ಕೋಣೆಯೊಳಗಿನ ಕೆಲಸವನ್ನು ವೈಫೈ ಮಾಡುತ್ತದೆ. ರೌಟರಿನಲ್ಲಿ ಮೂರು ಮಾರ್ಪಾಡು ಬೇಕು. ಎರಡೂ ಡಬ್ಬಿಗೆ ಒಂದೇ ವಿಳಾಸ ಇರಬಾರದು. ಪಡಸಾಲೆಯದು 192.168.1.1 ಆಗಿದ್ದರೆ ಒಳಕೋಣೆಯದಕ್ಕೆ 192.168.1.2 ಎಂದು ಕೊಡಿ. ಎರಡನೆಯದು, ಹಳೇ ರೌಟರಿನ ಡಿಎಚ್‌ಸಿಪಿ ಆರಿಸಿ. ಬಂದ ಯಂತ್ರಗಳಿಗೆಲ್ಲ ಮನೆ ನಂಬರು ಹಂಚುವ ಗುಮಾಸ್ತ ಅದು. ಒಂದೂರಿಗೆ ಅಂಥವರು ಇಬ್ಬರಿದ್ದರೆ ಒಂದೇ ನಂಬರು ಇಬ್ಬರಿಗೆ ಹೋಗಿ ಜಗಳ. ಮೂರನೆಯದು, ಕೇಬಲನ್ನು ಅದರ ಬೇರೆ ಬಣ್ಣದ ವ್ಯಾನ್ ಕಿಂಡಿಗೆ ಹಾಕದೆ ಲ್ಯಾನ್ ಕಿಂಡಿಗೆ ಹಾಕಿ. ಗುಪ್ತಪದವನ್ನೂ ಹೊಸದಾಗಿ ಇಟ್ಟುಬಿಡಿ.

ಖರ್ಚು: 25 ಮೀಟರ್ ಕೇಬಲ್ 500, ನಾಲ್ಕು ಪ್ಲಗ್ 40, ಗೋಡೆಗೆ ಹೊಡೆಯುವ ಕ್ಲಿಪ್ಪು 30. ಒಟ್ಟು 570. ಪ್ಲಗ್ ಒತ್ತುವ ಇಕ್ಕಳವನ್ನು ಟೀವಿ ಕೇಬಲಿನವರ ಹತ್ತಿರ ಕಡ ತಂದೆವು. ಅಜ್ಜಿ ಈಗ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಮಗಳ ಜೊತೆ ಮಾತಾಡುತ್ತಾರೆ. ಏನು ಮಾತಾಡುತ್ತಾರೋ ಓಣಿಗೆ ಗೊತ್ತಿಲ್ಲ.

ಕೇಬಲ್ಲಿನ ಬಗ್ಗೆ ನಾಲ್ಕು ಮಾತು. ಒಳಗೆ ಎಂಟು ತಂತಿ, ನಾಲ್ಕು ಜೋಡಿ. ಪ್ರತಿ ಜೋಡಿಯನ್ನೂ ಜಡೆಯ ಹಾಗೆ ಹುರಿಗೊಳಿಸಿರುತ್ತಾರೆ. ಟೆಲಿಫೋನಿನ ಅಲೆಗ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಈ ಉಪಾಯಕ್ಕೆ ಪೇಟೆಂಟ್ ಪಡೆದರು. ಹೊರಗಿನ ವಿದ್ಯುತ್ತಿನ ಗದ್ದಲ ಎರಡೂ ತಂತಿಯ ಮೇಲೆ ಸಮನಾಗಿ ಬೀಳುತ್ತದೆ, ಆಚೆ ತುದಿಯಲ್ಲಿ ಒಂದರಿಂದ ಒಂದನ್ನು ಕಳೆದಾಗ ಗದ್ದಲ ಸೊನ್ನೆಯಾಗಿ ಮಾತು ಉಳಿಯುತ್ತದೆ. ಕಳೆಯುವ ಲೆಕ್ಕ ಎಲ್ಲೆಲ್ಲಿ ಉಪಯೋಗಕ್ಕೆ ಬರುತ್ತದೆ ನೋಡಿ! ಆದ್ದರಿಂದ ಪ್ಲಗ್ ಹಾಕುವಾಗ ಹುರಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಬಿಚ್ಚಬೇಡಿ. ಬಣ್ಣಗಳ ಕ್ರಮ ಬರೆದುಕೊಳ್ಳಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ಅಂಗಡಿಯಲ್ಲಿ ತೀರ ಅಗ್ಗದ ಕೇಬಲ್ ಕೊಟ್ಟರೆ ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಪೂಸು ಬಳಿದ ಅಲ್ಯೂಮಿನಿಯಂ, ಬೇಡ. ಒಂದು ಕೇಬಲ್ 100 ಮೀಟರ್ ಮೀರಬಾರದು. ಕರೆಂಟಿನ ವೈರಿನಿಂದ ಒಂದು ಗೇಣು ದೂರವಿರಲಿ.

ಒಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಪಕ್ಕದ ಮನೆಗೂ ಹಂಚೋಣ ಎಂದು ಮಾಳಿಗೆ ಮೇಲಿಂದ ಮಾಳಿಗೆಗೆ ತಾಮ್ರದ ಕೇಬಲ್ ಎಳೆಯಬೇಡಿ. ನಮ್ಮ ಕಡೆ ಮುಂಗಾರಿಗೆ ಮುಂಚಿನ ಮಳೆ ಗುಡುಗು-ಸಿಡಿಲು ಕಟ್ಟಿಕೊಂಡೇ ಬರುತ್ತದೆ. ಸಿಡಿಲು ನೇರ ಬೀಳಬೇಕೆಂದಿಲ್ಲ, ಹತ್ತಿರ ಬಿದ್ದರೂ ಬಯಲಿನ ತಂತಿಯಲ್ಲಿ ವಿದ್ಯುತ್ ನುಗ್ಗುತ್ತದೆ, ಅದು ಎರಡೂ ಮನೆಯೊಳಗೆ ಬರುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಫೈಬರೇ ಸರಿ, ಅದೂ ಒಳಗೆ ಲೋಹದ ತಂತಿ ಇಲ್ಲದ್ದು. ಅದರಲ್ಲಿ ಹರಿಯುವುದು ಬೆಳಕು. ಗುಡುಗು ಶುರುವಾಗುವ ಮೊದಲೇ ಡಬ್ಬಿಗಳ ಪ್ಲಗ್ಗು ಕಿತ್ತಿಡಿ. ಶುರುವಾದ ಮೇಲೆ ಮುಟ್ಟಬೇಡಿ.

ಹಾಗಾದರೆ 1,800 ರೂಪಾಯಿಯ ಕಾರ್ಡು ನೀರಿಗೆ ಬಿತ್ತೇ? ಇಲ್ಲ. ಸಾದಾ ಸ್ವಿಚ್ಚು ಚೀಟಿ ದಾಟಿಸುತ್ತದೆ ಅಷ್ಟೆ, ಓದುವುದಿಲ್ಲ. ಕಂಪ್ಯೂಟರಿಗೆ ಒಂದೊಂದು ಕಿಂಡಿಯೂ ಬೇರೆ ಬೇರೆಯಾಗಿ ಕಾಣುತ್ತದೆ, ಒಂದೊಂದಕ್ಕೂ ಒಂದೊಂದು ಕಾನೂನು ಮಾಡಬಹುದು. ಶಾಲೆಯ ಕಂಪ್ಯೂಟರ್ ಕೋಣೆ ಎಂದಿಟ್ಟುಕೊಳ್ಳಿ. ಒಂದು ಕಿಂಡಿಗೆ ಇಂಟರ್ನೆಟ್, ಒಂದಕ್ಕೆ ಮಕ್ಕಳ ಯಂತ್ರಗಳು, ಒಂದಕ್ಕೆ ಅಂಕಪಟ್ಟಿ ಇರುವ ಆಫೀಸಿನ ಯಂತ್ರ. ಮಕ್ಕಳ ಕಡೆಯಿಂದ ಅಂಕಪಟ್ಟಿಯ ಕಡೆಗೆ ದಾರಿಯೇ ಇಲ್ಲದಂತೆ ಮಾಡಬಹುದು. ನಾಲ್ಕನೆಯದಕ್ಕೆ ಇನ್ನೊಂದು ಕಂಪನಿಯ ಇಂಟರ್ನೆಟ್ ಹಾಕಿದರೆ, ಒಂದು ಸತ್ತಾಗ ಇನ್ನೊಂದು ಹೊರುತ್ತದೆ. ಇದಕ್ಕೆ ಬೇಕಾದ ಓಪನ್‌ಡಬ್ಲ್ಯೂಆರ್‌ಟಿ, ಓಪಿಎನ್‌ಸೆನ್ಸ್ ಮುಂತಾದ ತಂತ್ರಾಂಶಗಳು ಉಚಿತ. ಶಾಲೆಯ ಹೊತ್ತಿನಲ್ಲಿ ಮಾತ್ರ ಎದ್ದಿರುವ ಯಂತ್ರಕ್ಕೆ ಕರೆಂಟಿನ ಸುಂಕವೂ ಕಡಿಮೆ.

ಮನೆಯಲ್ಲಿ ಅದು ಪ್ರಯೋಗಶಾಲೆಯಾಗುತ್ತದೆ. ದಿನಕ್ಕೆ ಎರಡು ಗಂಟೆ ಹಚ್ಚಿದರೆ ತಿಂಗಳಿಗೆ ನಾಲ್ಕು ಯೂನಿಟ್ಟೂ ಆಗದು. ಹುಡುಗ ಈಗ ಅದನ್ನೇ ಮಾಡುತ್ತಿದ್ದಾನೆ. ಮೊದಲು ನೋಡಬೇಕಾದ್ದು ಸುತ್ತು. ಒಂದೇ ಕೇಬಲ್ಲಿನ ಎರಡೂ ತುದಿಯನ್ನು ಒಂದೇ ಸ್ವಿಚ್ಚಿಗೆ ಹಾಕಿದರೆ, ‘ಎಲ್ಲರಿಗೂ’ ಎಂದು ಬರೆದ ಚೀಟಿ ಗಾಣದೆತ್ತಿನಂತೆ ಸುತ್ತುತ್ತ, ಸುತ್ತುತ್ತಲೇ ಹೆಚ್ಚುತ್ತ ಇಡೀ ನೆಟ್‌ವರ್ಕನ್ನು ನಿಲ್ಲಿಸಿಬಿಡುತ್ತದೆ. ಅಗ್ಗದ ಸ್ವಿಚ್ಚುಗಳು ಹೆಚ್ಚಿನವು ಇದನ್ನು ಗುರುತಿಸಲಾರವು. ಇದಕ್ಕೆ ಮದ್ದು ಕಂಡುಹಿಡಿದವರು ರೇಡಿಯಾ ಪರ್ಲ್‌ಮನ್ ಎಂಬ ಹೆಣ್ಣುಮಗಳು, 1985ರಲ್ಲಿ. ದಾರಿಗಳೆಷ್ಟೇ ಇದ್ದರೂ ಸುತ್ತು ಬಾರದ ಹಾಗೆ ಕೆಲವನ್ನು ಮುಚ್ಚಿ, ಉಳಿದದ್ದು ಮರದ ಕೊಂಬೆಗಳಂತೆ ಹರಡುವ ಹಾಗೆ ಮಾಡುವ ವಿಧಾನ. ಹೆಸರು ಸ್ಪ್ಯಾನಿಂಗ್ ಟ್ರೀ. ತಮ್ಮ ವಿಧಾನವನ್ನು ವಿವರಿಸಲು ಆಕೆ ಒಂದು ಪದ್ಯವನ್ನೂ ಬರೆದರು. ಗಣಿತದವರು ಪದ್ಯ ಬರೆಯಬಾರದೆಂದು ಯಾರು ಹೇಳಿದರು?

ನಾಲ್ಕು ಕಿಂಡಿಯ ಕಂಪ್ಯೂಟರಿನಲ್ಲಿ ಈ ಮದ್ದನ್ನು ನಾವೇ ಕೊಡಬಹುದು. ಲಿನಕ್ಸ್‌ನಲ್ಲಿ ಬ್ರಿಡ್ಜ್ ಮಾಡಿ, ಸ್ಪ್ಯಾನಿಂಗ್ ಟ್ರೀ ಹಚ್ಚಿ, ಎರಡು ಕಿಂಡಿಗೆ ಎರಡು ಯಂತ್ರ ಸೇರಿಸಿ. ಒಂದರಿಂದ ಇನ್ನೊಂದಕ್ಕೆ ಪಿಂಗ್ ಕಳಿಸಿ. ‘ಇದ್ದೀಯಾ?’ ಎಂದು ಕೂಗಿ ಉತ್ತರಕ್ಕೆ ಕಾಯುವ ಈ ಪುಟ್ಟ ಪ್ರೋಗ್ರಾಮನ್ನು ಮೈಕ್ ಮೂಸ್ ಎಂಬುವರು 1983ರ ಡಿಸೆಂಬರಿನಲ್ಲಿ ಬರೆದರು. ಮನೆಯೊಳಗಿನ ತಂತಿಯಲ್ಲಿ ಉತ್ತರ ಬರಲು ಒಂದು ಮಿಲಿಸೆಕೆಂಡೂ ಬೇಡ. ಈಗ ಒಂದು ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿ. ಕಿಂಡಿಯ ದೀಪ ತಕ್ಷಣ ಹೊತ್ತಿಕೊಂಡರೂ ಉತ್ತರ ಬರುವುದಿಲ್ಲ. ಸುತ್ತು ಇದೆಯೇ ಎಂದು ಕಂಪ್ಯೂಟರು 15 ಸೆಕೆಂಡು ಕಿವಿಗೊಟ್ಟು ಕೇಳುತ್ತದೆ, ಇನ್ನೊಂದು 15 ಸೆಕೆಂಡು ಯಾರು ಯಾವ ಕಡೆ ಇದ್ದಾರೆಂದು ಕಲಿಯುತ್ತದೆ. ಗಡಿಯಾರ ಹಿಡಿದು ಎಣಿಸಿ, ಎಷ್ಟು ಬಂತೆಂದು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಅಂಚೆ ಕಾರ್ಡಿನಲ್ಲಿ.